ಮ್ಯಾನ್ ಪೇಜ್ ನೋಡಿ ಹಾಕಿದ ಕಮಾಂಡ್ ಓಡದಿದ್ದರೆ: ಬ್ಯಾಕ್‌ಸ್ಲ್ಯಾಷ್ ದೋಷ ಹುಡುಕುವ ಕೈಪಿಡಿ

"ಸರ್, ಮ್ಯಾನ್ ಪೇಜ್‌ನ್ಯಾಗ ಇದ್ದಂಗೇ ಹಾಕೀನ್ರೀ, ಆದ್ರೂ ಬರವಲ್ದು." ಕಲಬುರಗಿಯಲ್ಲಿ ಲಿನಕ್ಸ್ ಕಲಿಸುವ ಯಾರಿಗೂ ಈ ಮಾತು ಹೊಸದಲ್ಲ. ಮ್ಯಾನ್ ಪೇಜ್ ಎಂದರೆ ಲಿನಕ್ಸ್‌ನಲ್ಲಿ ಕಮಾಂಡ್‌ಗಳ ಜೊತೆ ಬರುವ ಸಹಾಯದ ಪುಟ. ಎಷ್ಟೋ ಸಲ ತಪ್ಪು ಹುಡುಗರದ್ದಾಗಿರುವುದಿಲ್ಲ. ಅವರು ಓದಿದ ಪುಟದಲ್ಲೇ ಒಂದು ಅಕ್ಷರ ಬೇರೆ ವೇಷದಲ್ಲಿ ಕೂತಿರುತ್ತದೆ. ಬರೆದವರು ಬ್ಯಾಕ್‌ಸ್ಲ್ಯಾಷ್ (\) ಚಿಹ್ನೆ ಹಾಕಬೇಕಾದ ಕಡೆ ಹಾಕಿರುವುದಿಲ್ಲ, ಬೇಡದ ಕಡೆ ಹಾಕಿರುತ್ತಾರೆ.

ಇದು ಸಣ್ಣ ವಿಷಯ ಅಲ್ಲ. ಆಳಂದದ ಕಡೆಯ ಹಳ್ಳಿಯಲ್ಲೋ ಶೋರಾಪುರದ ಒಳಗಿನ ಊರಿನಲ್ಲೋ ಕೂತು ಕಲಿಯುವ ಹುಡುಗಿಗೆ ನೆಟ್ ಇಲ್ಲದ ಹೊತ್ತಿನಲ್ಲಿ ಇರುವ ಒಂದೇ ಗುರು ಮ್ಯಾನ್ ಪೇಜ್. ಅದು ಲ್ಯಾಪ್‌ಟಾಪ್‌ನ ಒಳಗೇ ಇರುತ್ತದೆ, ಡೇಟಾ ಕೇಳುವುದಿಲ್ಲ. ಅದರಲ್ಲಿ ಬರೆದದ್ದು ಹಾಗೇ ಓಡಬೇಕು. ಅದಕ್ಕೇ ಈ ಬರಹ ಎರಡು ಥರದವರಿಗೆ: ಪುಟ ಓದಿ ಸಿಕ್ಕಿಹಾಕಿಕೊಂಡವರಿಗೆ, ಮತ್ತು ತಮ್ಮ ಪ್ರೋಗ್ರಾಮಿಗೆ ಪುಟ ಬರೆಯುತ್ತಿರುವವರಿಗೆ.

ನನ್ನ ಮಾತು ಒಂದೇ: ಬ್ಯಾಕ್‌ಸ್ಲ್ಯಾಷ್ ಅನ್ನು ಉಪ್ಪಿನ ಹಾಗೆ ಎಲ್ಲ ಕಡೆ ಉದುರಿಸಬೇಡಿ. ಅದು ಬೇಕಾಗುವ ಜಾಗ ಕೆಲವೇ ಕೆಲವು. ಅಷ್ಟು ಗೊತ್ತಿದ್ದರೆ ಸಾಕು, ಉಳಿದದ್ದನ್ನು ಸುಮ್ನೆ ಬರೆಯಬಹುದು.

ಒಂದು ಸೂಚನೆ. ಇಲ್ಲಿ ಕಮಾಂಡ್‌ಗಳನ್ನೂ ಆಪ್ಷನ್‌ಗಳನ್ನೂ ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರದಲ್ಲಿ, ಬೇರೆ ಏನೂ ಹೇಳದಿದ್ದರೆ ಸಣ್ಣಕ್ಷರದಲ್ಲಿ ಹಾಕಿ. ಚಿಹ್ನೆಗಳು ಮಾತ್ರ ಇದ್ದ ಹಾಗೇ ಇವೆ. ಉದಾಹರಣೆಗೆ «ತೊಗರಿ» ಎಂಬ ಪುಟ್ಟ ಕಮಾಂಡ್ ಇಟ್ಟುಕೊಳ್ಳೋಣ. ಕ್ವಿಂಟಲ್ ದರ ಕೊಟ್ಟರೆ ಲೆಕ್ಕ ಮಾಡಿ ಕೊಡುತ್ತದೆ. ಅದರ ಪುಟದ ಫೈಲ್ ತೊಗರಿ.1.

## ಕೈ ಹಾಕುವ ಮೊದಲು

ಸಿಸ್ಟಂನ ಮ್ಯಾನ್ ಫೋಲ್ಡರಿನಲ್ಲಿರುವ ಫೈಲನ್ನು ನೇರವಾಗಿ ತಿದ್ದಬೇಡಿ. ಮುಂದಿನ ಅಪ್‌ಡೇಟ್‌ನಲ್ಲಿ ಅದು ಅಳಿಸಿಹೋಗುತ್ತದೆ, ನಡುವೆ ಏನಾದರೂ ಕೆಟ್ಟರೆ ಎಲ್ಲ ಬಳಕೆದಾರರಿಗೂ ಕೆಡುತ್ತದೆ. «ಮ್ಯಾನ್ -ಡಬ್ಲ್ಯೂ ತೊಗರಿ» ಎಂದರೆ ಫೈಲ್ ಎಲ್ಲಿದೆ ಎಂದು ಹೇಳುತ್ತದೆ. ಅದನ್ನು ನಿಮ್ಮ ಹೋಮ್ ಫೋಲ್ಡರಿಗೆ ನಕಲು ಮಾಡಿ. ಹೆಸರಿನ ಕೊನೆಯಲ್ಲಿ ಜಿಜಡ್ ಇದ್ದರೆ ಗನ್‌ಜಿಪ್‌ನಿಂದ ಬಿಚ್ಚಿ. ಆಮೇಲೆ «ಮ್ಯಾನ್ -ಎಲ್ ತೊಗರಿ.1» ಎಂದು ಆ ನಕಲನ್ನೇ ನೋಡುತ್ತಾ ತಿದ್ದಿ. ಈ ಕೆಲಸಕ್ಕೆ ಎಲ್ಲಿಯೂ ಸುಡೋ (ಸಿಸ್ಟಂನ ಮೇಲ್ವಿಚಾರಕರ ಅಧಿಕಾರ) ಬೇಕಿಲ್ಲ.

## ಕಾಪಿ ಮಾಡಿ ಹಾಕಿದ ಆಪ್ಷನ್ ಕೆಲಸ ಮಾಡುತ್ತಿಲ್ಲ

ಜಾಸ್ತಿ ಜನ ಕಾಣುವ ಲಕ್ಷಣ ಇದು. ಪುಟದಿಂದ «ಎಲ್‌ಎಸ್ ‐ಎಲ್» ಎಂದು ಕಾಪಿ ಮಾಡಿ ಹಾಕುತ್ತೀರಿ. ಫೈಲುಗಳ ಪಟ್ಟಿ ಬರುವ ಬದಲು "‐ಎಲ್ ಎಂಬ ಫೈಲ್ ಇಲ್ಲ" ಎಂಬ ಅರ್ಥದ ದೂರು ಬರುತ್ತದೆ. ಆಪ್ಷನ್ ತಪ್ಪು ಎಂದು ಹೇಳುತ್ತಿಲ್ಲ, ಫೈಲ್ ಇಲ್ಲ ಎನ್ನುತ್ತಿದೆ. ಅದೇ ಸುಳಿವು. ನೀವು ಕೊಟ್ಟದ್ದನ್ನು ಅದು ಆಪ್ಷನ್ ಎಂದು ಗುರುತಿಸಲೇ ಇಲ್ಲ.

ಮೊದಲ ಪರೀಕ್ಷೆ ತೀರಾ ಸುಲಭ. ಆ ಗೆರೆಯನ್ನು ಅಳಿಸಿ, ಕೀಬೋರ್ಡಿನಿಂದ ನೀವೇ ಗೆರೆ ಒತ್ತಿ. ಈಗ ಓಡಿತೇ? ಹಾಗಾದರೆ ದೋಷ ಪುಟದಲ್ಲಿದೆ. ಓಡಲಿಲ್ಲವೇ? ಹಾಗಾದರೆ ಆ ಆಪ್ಷನ್ ನಿಮ್ಮ ಆವೃತ್ತಿಯಲ್ಲಿ ಇಲ್ಲದಿರಬಹುದು. ಅದು ಬೇರೆ ರೋಗ, ಈ ಕೈಪಿಡಿಯದ್ದಲ್ಲ.

ಎರಡನೆಯದು: ಪುಟ ತೆರೆದಿರುವಾಗಲೇ / ಒತ್ತಿ «-ಎಲ್» ಎಂದು ಹುಡುಕಿ. ಕಣ್ಣೆದುರೇ ಇದ್ದರೂ ಸಿಗುತ್ತಿಲ್ಲ ಎಂದರೆ, ಅಲ್ಲಿರುವುದು ಕೀಬೋರ್ಡಿನ ಗೆರೆ ಅಲ್ಲ.

ಇನ್ನೂ ಅನುಮಾನ ಇದ್ದರೆ ಬೈಟ್ ನೋಡಿ. ಅನುಮಾನದ ಗೆರೆಯನ್ನು ಕಾಪಿ ಮಾಡಿ ಹೀಗೆ ಹಾಕಿ (ಇಲ್ಲಿ «ಓಡಿ» ಎಂಬುದು ಬೈಟ್‌ಗಳನ್ನು ತೋರಿಸುವ ಕಮಾಂಡ್‌ನ ಹೆಸರು):

ಪ್ರಿಂಟ್‌ಎಫ್ '‐' | ಓಡಿ -ಟಿ ಎಕ್ಸ್1

ಕೀಬೋರ್ಡಿನ ಗೆರೆಯಾದರೆ 2ಡಿ ಎಂದು ಒಂದೇ ಬೈಟ್ ಬರುತ್ತದೆ. ಇ2 80 90 ಎಂದು ಮೂರು ಬಂದರೆ ಅದು ಅಚ್ಚಿನ ಹೈಫನ್, ಯುನಿಕೋಡ್ ಪಟ್ಟಿಯಲ್ಲಿ ಅದರ ಸಂಖ್ಯೆ 2010. ಇ2 88 92 ಬಂದರೆ ಗಣಿತದ ಮೈನಸ್. ಕಣ್ಣಿಗೆ ಮೂರೂ ಗೆರೆಗಳೇ. ಕಮಾಂಡ್‌ಗೆ ಮಾತ್ರ ಮೊದಲನೆಯದೇ ಗೆರೆ, ಉಳಿದವು ಯಾವುದೋ ಅಕ್ಷರ.

ಇದೇಕೆ ಹೀಗೆ? ಮ್ಯಾನ್ ಪೇಜ್‌ಗಳನ್ನು ಬರೆಯುವ ರಾಫ್ ಭಾಷೆ ಹುಟ್ಟಿದ್ದು ಕಾಗದದ ಮೇಲೆ ಬರಹ ಅಚ್ಚು ಹಾಕುವುದಕ್ಕೆ. ಯುನಿಕ್ಸ್‌ನ ಮೊದಲ ಕೈಪಿಡಿ 1971ರ ನವೆಂಬರ್‌ನದ್ದು. ಆಮೇಲೆ ಬೆಲ್ ಲ್ಯಾಬ್ಸ್‌ನಲ್ಲಿ ಜೋ ಒಸ್ಸಾನಾ ಅಚ್ಚಿನ ಯಂತ್ರಕ್ಕಾಗಿ ಟಿ-ರಾಫ್ ಬರೆದರು. ಅಚ್ಚಿನ ಕೆಲಸದಲ್ಲಿ ಪದ ಜೋಡಿಸುವ ಹೈಫನ್ ಗಿಡ್ಡ, ಮೈನಸ್ ಉದ್ದ. ಅದಕ್ಕೇ ಆ ಭಾಷೆಯಲ್ಲಿ ಬರೀ - ಎಂದರೆ ಹೈಫನ್, \- ಎಂದರೆ ಮೈನಸ್. ಇಂದು ಲಿನಕ್ಸ್‌ನಲ್ಲಿ ಆ ಕೆಲಸ ಮಾಡುವುದು ಜಿ-ರಾಫ್. ಅದನ್ನು ಜೇಮ್ಸ್ ಕ್ಲಾರ್ಕ್ 1990ರಲ್ಲಿ ಹೊರತಂದರು. ಬಹಳ ಕಾಲ ಟರ್ಮಿನಲ್‌ನಲ್ಲಿ ಮ್ಯಾನ್ ಪೇಜ್ ತೋರಿಸುವಾಗ ಅದು ಎರಡನ್ನೂ ಕೀಬೋರ್ಡಿನ ಗೆರೆಯಾಗಿಯೇ ತೋರಿಸುತ್ತಿತ್ತು. ಬರೆಯುವವರು ತಪ್ಪಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. 2023ರ ಜುಲೈನಲ್ಲಿ ಬಂದ 1.23 ಆವೃತ್ತಿ ಆ ಮುಚ್ಚಿಗೆ ತೆಗೆಯಿತು: ಬರೀ - ಅಚ್ಚಿನ ಹೈಫನ್ ಆಯಿತು, \- ಮಾತ್ರ ಟರ್ಮಿನಲ್‌ನಲ್ಲಿ ಕೀಬೋರ್ಡಿನ ಗೆರೆಯಾಗಿಯೇ ಉಳಿಯಿತು. ಹಳೆಯ ತಪ್ಪುಗಳೆಲ್ಲ ಒಟ್ಟಿಗೆ ಬೆಳಕಿಗೆ ಬಂದವು.

ಪುಟ ಬರೆಯುವವರಿಗೆ ಪರಿಹಾರ: ಓದುಗ ಕೀಬೋರ್ಡಿನಲ್ಲಿ ಒತ್ತಬೇಕಾದ ಗೆರೆ ಎಲ್ಲಿದೆಯೋ ಅಲ್ಲಿ \- ಹಾಕಿ. ಉದ್ದದ ಆಪ್ಷನ್ ಆದರೆ \-\-ತೂಕ. ಫೈಲಿನ ಹೆಸರಿನ ನಡುವೆ ಗೆರೆ ಇದ್ದರೂ ಅಷ್ಟೇ. ಆದರೆ «ಕಮಾಂಡ್-ಲೈನ್» ಥರದ ಮಾತಿನ ಪದಗಳ ನಡುವಿನ ಗೆರೆ ಹಾಗೇ ಇರಲಿ. ಎಡಿಟರ್‌ನಲ್ಲಿ ಫೈಲಿನ ಎಲ್ಲ ಗೆರೆಗಳನ್ನೂ ಒಂದೇ ಏಟಿಗೆ \- ಮಾಡಿಬಿಡುವ ಆಸೆ ಬರುತ್ತದೆ. ಮಾಡಬೇಡಿ. ಪದಗಳ ನಡುವಿನ ಹೈಫನ್ ಹಾಳಾಗುತ್ತದೆ, ಮೊದಲೇ ಸರಿ ಇದ್ದ \- ಈಗ \\- ಆಗಿ ಹೊಸ ತಲೆನೋವು ಶುರುವಾಗುತ್ತದೆ.

ಎಚ್ಚರಿಕೆ. ಇಲ್ಲಿ ಒಂದು ನಿಜವಾದ ಅಪಾಯ ಇದೆ. ಪುಟದಲ್ಲಿ «ಆರ್‌ಎಂ ‐ಐ *.ಟಿಎಕ್ಸ್‌ಟಿ» ಎಂದು ಅಚ್ಚಿನ ಹೈಫನ್‌ನೊಂದಿಗೆ ಇದೆ ಎಂದುಕೊಳ್ಳಿ. ಐ ಆಪ್ಷನ್ ಎಂದರೆ ಪ್ರತಿ ಫೈಲಿಗೂ "ಅಳಿಸಲೇ?" ಎಂದು ಕೇಳು ಎಂದು. ನೀವು ಅದನ್ನು ಕಾಪಿ ಮಾಡಿ ಹಾಕಿದರೆ ಆರ್‌ಎಂ «‐ಐ» ಎಂಬುದನ್ನು ಒಂದು ಫೈಲಿನ ಹೆಸರು ಎಂದುಕೊಳ್ಳುತ್ತದೆ. ಆ ಫೈಲ್ ಇಲ್ಲ ಎಂದು ಒಂದು ಸಾಲು ದೂರುತ್ತದೆ, ಉಳಿದ ಎಲ್ಲ ಟೆಕ್ಸ್ಟ್ ಫೈಲುಗಳನ್ನು ಒಂದು ಮಾತೂ ಕೇಳದೆ ಅಳಿಸುತ್ತದೆ. ಕಾವಲಿಗೆಂದು ಹಾಕಿದ ಆಪ್ಷನ್ನೇ ಕೈಕೊಟ್ಟಿತು, ಅಲ್ವಾ? ಹಾಗಾಗಿ ಅಳಿಸುವ, ಮೇಲೆ ಬರೆಯುವ, ಡಿಸ್ಕ್ ಮುಟ್ಟುವ ಕಮಾಂಡ್‌ಗಳನ್ನು ಯಾವ ಪುಟದಿಂದಲೂ ಕಾಪಿ ಮಾಡಬೇಡಿ. ಕೈಯಲ್ಲೇ ಟೈಪ್ ಮಾಡಿ.

## ಕಮಾಂಡ್ ಓಡಿತು, ಆದರೆ ಉತ್ತರ ವಿಚಿತ್ರ ಅಥವಾ ಏನೂ ಇಲ್ಲ

ಗೆರೆಯ ತೊಂದರೆ ಕೂಗಿ ಹೇಳುತ್ತದೆ. ಇದು ಸದ್ದಿಲ್ಲದೆ ಕೆಡಿಸುತ್ತದೆ. ಗೆರೆಯ ಜೊತೆಗೆ ಇನ್ನೂ ನಾಲ್ಕು ಚಿಹ್ನೆಗಳು ವೇಷ ಬದಲಿಸುತ್ತವೆ: ' ` ^ ~.

ಫೈಲಿನಲ್ಲಿ ಪದ ಹುಡುಕುವ ಗ್ರೆಪ್‌ಗೆ ಕೊಟ್ಟ ಒಂಟಿ ಕೋಟ್ ಬಾಗಿದ ’ ಆಗಿದ್ದರೆ ಶೆಲ್ (ನೀವು ಟೈಪ್ ಮಾಡಿದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್) ಅದನ್ನು ಕೋಟ್ ಎಂದು ತಿಳಿಯುವುದಿಲ್ಲ. ನೀವು ಎರಡು ಪದ ಒಟ್ಟಿಗೆ ಹುಡುಕು ಎಂದಿರಿ. ಅದು ಮೊದಲ ಪದವನ್ನು ಹುಡುಕುತ್ತದೆ, ಎರಡನೆಯ ಪದವನ್ನು ಫೈಲಿನ ಹೆಸರು ಎಂದುಕೊಳ್ಳುತ್ತದೆ. ಒಂದು ಕೋಟ್ ನೀವು ಟೈಪ್ ಮಾಡಿದ್ದು, ಇನ್ನೊಂದು ಕಾಪಿ ಮಾಡಿದ್ದು ಆಗಿದ್ದರೆ ಶೆಲ್ > ತೋರಿಸಿ ಸುಮ್ಮನೆ ಕಾಯುತ್ತಾ ಕೂರುತ್ತದೆ. ಹೆದರಬೇಡಿ, ಕಂಟ್ರೋಲ್ ಮತ್ತು ಸಿ ಒತ್ತಿ ಹೊರಬನ್ನಿ. ಸಾಲಿನ ಆರಂಭ ಎಂದು ಹೇಳುವ ^ ಬದಲು ˆ ಬಂದಿದ್ದರೆ ಗ್ರೆಪ್ ಏನೂ ಸಿಗಲಿಲ್ಲ ಎಂದು ಖಾಲಿ ಕೈಯಲ್ಲಿ ಮರಳುತ್ತದೆ, ದೂರು ಕೂಡ ಇಲ್ಲ. ಫೈಲಿನಲ್ಲೇ ಆ ಸಾಲು ಇಲ್ಲವೇನೋ ಎಂದು ನೀವು ನಂಬಿಬಿಡುತ್ತೀರಿ.

ಪರೀಕ್ಷೆ ಮೊದಲಿನದೇ. ಅಳಿಸಿ ಕೈಯಲ್ಲಿ ಟೈಪ್ ಮಾಡಿ, ಇಲ್ಲವೇ ಬೈಟ್ ನೋಡಿ. ಇ2 80 99 ಬಾಗಿದ ಬಲ ಕೋಟ್, ಇ2 80 98 ಎಡ ಕೋಟ್, ಸಿಬಿ 86 ವೇಷದ ^, ಸಿಬಿ 9ಸಿ ವೇಷದ ~.

ಎಚ್ಚರಿಕೆ. ಕೊನೆಯದರ ಬಗ್ಗೆ ಒಂದು ಮಾತು. «ಸಿಪಿ ದರ.ಟಿಎಕ್ಸ್‌ಟಿ ˜» ಎಂದು ಕಾಪಿ ಮಾಡಿ ಹಾಕಿದರೆ ಫೈಲ್ ಹೋಮ್ ಫೋಲ್ಡರಿಗೆ ಹೋಗುವುದಿಲ್ಲ. ಇದ್ದ ಜಾಗದಲ್ಲೇ ˜ ಎಂಬ ಹೆಸರಿನ ಹೊಸ ಫೈಲ್ ಹುಟ್ಟುತ್ತದೆ. ಅದೇ ರೀತಿ ಎಂಕೆಡಿಐಆರ್ ಕೊಟ್ಟರೆ ಆ ಹೆಸರಿನ ಫೋಲ್ಡರ್ ಹುಟ್ಟುತ್ತದೆ. ಆಮೇಲೆ ಈ ಕಸ ತೆಗೆಯೋಣ ಎಂದು ಆರ್‌ಎಂ -ಆರ್ ಬರೆದು ಕೀಬೋರ್ಡಿನ ~ ಒತ್ತಿದಿರೋ, ನಿಮ್ಮ ಇಡೀ ಹೋಮ್ ಫೋಲ್ಡರೇ ಹೋಯಿತು. ಹೀಗೆ ಹುಟ್ಟಿದ ಫೋಲ್ಡರನ್ನು ಟರ್ಮಿನಲ್‌ನಲ್ಲಿ ಅಳಿಸಲು ಹೋಗಬೇಡಿ. ಫೈಲ್ ಮ್ಯಾನೇಜರ್ ತೆರೆದು, ಕಣ್ಣಾರೆ ನೋಡಿ, ಕಸದ ಬುಟ್ಟಿಗೆ ಹಾಕಿ. ಸರ್ವರ್ ಮೇಲೆ ಹೀಗಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಅದನ್ನು ನೋಡಿಕೊಳ್ಳುವವರನ್ನು ಕರೆಯಿರಿ.

ಬರೆಯುವವರಿಗೆ ಬೇಕಾದದ್ದು ಇಷ್ಟು. ಬ್ಯಾಕ್‌ಸ್ಲ್ಯಾಷ್, ತೆರೆದ ಬ್ರಾಕೆಟ್, ಎರಡು ಅಕ್ಷರ:

- ನೇರ ಒಂಟಿ ಕೋಟ್ ' ಬೇಕಾದರೆ \(ಎಕ್ಯೂ
- ಹಿಂದೆ ವಾಲಿದ ` ಬೇಕಾದರೆ \(ಜಿಎ
- ^ ಬೇಕಾದರೆ \(ಎಚ್‌ಎ
- ~ ಬೇಕಾದರೆ \(ಟಿಐ
- ಬ್ಯಾಕ್‌ಸ್ಲ್ಯಾಷ್ ಅನ್ನೇ ತೋರಿಸಬೇಕಾದರೆ \(ಆರ್‌ಎಸ್, ಇಲ್ಲವೇ ಚಿಕ್ಕದಾಗಿ \ಇ

ಬ್ರಾಕೆಟ್ ಮುಚ್ಚುವುದಿಲ್ಲ, ಅದು ಹಾಗೇ. ಇದರ ಜೊತೆ \- ಸೇರಿಸಿ. ಈ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಕೊಳ್ಳಿ. ಇವೂ ಬೇಕಾಗುವುದು ಓದುಗ ಟೈಪ್ ಮಾಡುವ ಕಡೆ ಮಾತ್ರ. ವಿವರಣೆಯ ವಾಕ್ಯದಲ್ಲಿ ಬರುವ ಮಾಮೂಲಿ ಅಪಾಸ್ಟ್ರಫಿ ಬಾಗಿದ್ದರೆ ಚೆನ್ನಾಗಿಯೇ ಕಾಣುತ್ತದೆ.

## ಒಂದು ಇಡೀ ಸಾಲೇ ಕಾಣಿಸುತ್ತಿಲ್ಲ

ಫೈಲಿನಲ್ಲಿ ಬರೆದಿದ್ದೀರಿ, ಪುಟದಲ್ಲಿ ಇಲ್ಲ. ಆ ಸಾಲಿನ ಮೊದಲ ಅಕ್ಷರ ನೋಡಿ. ಚುಕ್ಕೆಯೇ? ಅಥವಾ ' ಗುರುತೇ? ರಾಫ್‌ನಲ್ಲಿ ಈ ಎರಡರಿಂದ ಶುರುವಾಗುವ ಸಾಲು ಬರಹ ಅಲ್ಲ, ಅಪ್ಪಣೆ. «.ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಈ ಸಾಲು ಸೇರಿಸಿ» ಎಂದು ಬರೆದರೆ ಅದು ಬ್ಯಾಶ್‌ಆರ್‌ಸಿ ಎಂಬ ಮ್ಯಾಕ್ರೋ (ಒಂದು ಹೆಸರಿನಡಿ ಕಟ್ಟಿಟ್ಟ ಅಪ್ಪಣೆಗಳು) ಹುಡುಕುತ್ತದೆ. ಸಿಗುವುದಿಲ್ಲ, ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ.

ಬರೆಯುವಾಗ ಆ ಪದ ಸಾಲಿನ ನಡುವೆ ಇದ್ದಿರಬಹುದು. ಎಡಿಟರ್ ಪ್ಯಾರಾ ಜೋಡಿಸುವಾಗ ಅದನ್ನು ಸಾಲಿನ ಮೊದಲಿಗೆ ತಳ್ಳಿರುತ್ತದೆ. ನಿನ್ನೆ ಸರಿ ಇದ್ದ ಪುಟ ಇವತ್ತು ಕೆಡುವುದು ಹೀಗೆ.

ಇಂಥದ್ದನ್ನು ಕಣ್ಣಿನಿಂದ ಹುಡುಕಬೇಕಿಲ್ಲ. ಹೀಗೆ ಕೊಡಿ:

ಮ್ಯಾನ್ --ವಾರ್ನಿಂಗ್ಸ್ -ಎಲ್ ತೊಗರಿ.1 > /ಡೆವ್/ನಲ್

ಪುಟ ಕಾಣಿಸುವುದಿಲ್ಲ, ದೂರುಗಳು ಮಾತ್ರ ಕಾಣಿಸುತ್ತವೆ. ಇಂಥ ಮ್ಯಾಕ್ರೋ ಇಲ್ಲ ಎಂದು ಸಾಲಿನ ಸಂಖ್ಯೆಯ ಸಮೇತ ಹೇಳುತ್ತದೆ. ಪರಿಹಾರ: ಸಾಲಿನ ಮೊದಲಿಗೆ \& ಹಾಕಿ. ಅದು ಏನನ್ನೂ ಅಚ್ಚು ಹಾಕುವುದಿಲ್ಲ, ಚುಕ್ಕೆ ಮೊದಲ ಅಕ್ಷರ ಆಗದಂತೆ ತಡೆಯುತ್ತದೆ. ಇನ್ನೂ ಸರಳ ದಾರಿ ಎಂದರೆ ವಾಕ್ಯವನ್ನೇ ತಿರುಗಿಸಿ ಬರೆಯುವುದು, ಆ ಪದ ಮೊದಲು ಬರದ ಹಾಗೆ. ನನಗೆ ಎರಡನೆಯದೇ ಇಷ್ಟ. ಆದರೆ ಎಡಿಟರ್ ಮತ್ತೆ ತಳ್ಳುವ ಸಾಧ್ಯತೆ ಇದ್ದಲ್ಲಿ \& ಗಟ್ಟಿ.

## ಸಾಲಿನ ಅರ್ಧ ಮಾತ್ರ ಕಾಣುತ್ತದೆ

ಸಾಲು ಶುರುವಾಗುತ್ತದೆ, ನಡುವೆ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಕತ್ತರಿಸಿದ ಜಾಗದಲ್ಲಿ ಮೂಲ ಫೈಲಿನಲ್ಲಿ \" ಇದೆಯೇ ನೋಡಿ. ಇದ್ದೇ ಇರುತ್ತದೆ. ಶೆಲ್ ಅಥವಾ ಸಿ ಭಾಷೆಯಲ್ಲಿ ಕೋಟ್ ಒಳಗೆ ಕೋಟ್ ಬೇಕಾದರೆ \" ಬರೆಯುತ್ತೇವೆ. ರಾಫ್‌ನಲ್ಲಿ ಅದು ಕಾಮೆಂಟ್ (ಬರೆದವರು ತಮಗೇ ಬರೆದುಕೊಂಡ ಟಿಪ್ಪಣಿ) ಶುರುವಾಯಿತು ಎಂಬ ಗುರುತು. ಅಲ್ಲಿಂದ ಸಾಲಿನ ಕೊನೆಯವರೆಗೆ ಯಾರಿಗೂ ಕಾಣುವುದಿಲ್ಲ.

ಎಕೋ "ಅವಳು \"ಬಾ\" ಅಂದಳು"

ಇದನ್ನು ಹಾಗೇ ಬರೆದರೆ ಪುಟದಲ್ಲಿ ಉಳಿಯುವುದು «ಎಕೋ "ಅವಳು» ಮಾತ್ರ. ಬ್ಯಾಕ್‌ಸ್ಲ್ಯಾಷ್ ತೋರಬೇಕಾದ ಕಡೆ \(ಆರ್‌ಎಸ್ ಹಾಕಿ, ಪಕ್ಕದಲ್ಲಿ " ಬರೆಯಿರಿ. ಇದು ಎಚ್ಚರಿಕೆಯ ಸಂದೇಶವನ್ನೂ ಕೊಡದ ದೋಷ, ಯಾಕೆಂದರೆ ಕಾಮೆಂಟ್ ಬರೆಯುವುದು ತಪ್ಪಲ್ಲವಲ್ಲ. ಹಾಗಾಗಿ ಪುಟ ಮುಗಿಸಿದ ಮೇಲೆ ಫೈಲಿನಲ್ಲಿ \" ಎಂದು ಒಮ್ಮೆ ಹುಡುಕಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

## ಎಲ್ಲಿಂದಲೋ ಒಂದು ಸೊನ್ನೆ ಬಂತು, ಅಕ್ಷರ ಮಾಯ

ಇದು ನೋಡಲು ಮಾಟ ಮಾಡಿದ ಹಾಗೆ ಇರುತ್ತದೆ. ನೀವು ಬರೆದದ್ದು (ಇಲ್ಲಿ ಎನ್ ಎಂದಿರುವುದು ಇಂಗ್ಲಿಷಿನ ಸಣ್ಣಕ್ಷರ):

ಪ್ರಿಂಟ್‌ಎಫ್ "ನಮಸ್ಕಾರ\ಎನ್"

ಪುಟದಲ್ಲಿ ಕಾಣುವುದು:

ಪ್ರಿಂಟ್‌ಎಫ್ "ನಮಸ್ಕಾರ0

ಹೊಸ ಸಾಲಿನ ಗುರುತು ಹೋಯಿತು, ಮುಚ್ಚುವ ಕೋಟ್ ಹೋಯಿತು, ಸೊನ್ನೆ ಬಂತು. ಕಾರಣ ಸರಳ. ರಾಫ್‌ನಲ್ಲಿ \ಎನ್ ಎಂದರೆ "ಮುಂದಿನ ಹೆಸರಿನ ರಿಜಿಸ್ಟರ್‌ನಲ್ಲಿ ಇರುವ ಸಂಖ್ಯೆಯನ್ನು ಇಲ್ಲಿ ಹಾಕು" ಎಂದು. ಮುಂದಿದ್ದದ್ದು " ಗುರುತು. ಅದನ್ನೇ ರಿಜಿಸ್ಟರ್‌ನ ಹೆಸರು ಎಂದು ತೆಗೆದುಕೊಂಡಿತು. ಆ ಹೆಸರಿನದು ಯಾವುದೂ ಇಲ್ಲ, ಇಲ್ಲದ್ದರ ಬೆಲೆ ಸೊನ್ನೆ. ಸೊನ್ನೆಯನ್ನು ಅಚ್ಚು ಹಾಕಿತು.

ಇದರ ಅಣ್ಣತಮ್ಮಂದಿರು ಬಹಳ. \ಟಿ ಬರೆದರೆ ಖಾಲಿ ಜಾಗ. ರೆಜೆಕ್ಸ್‌ನಲ್ಲಿ (ಹುಡುಕಬೇಕಾದ ಮಾದರಿಯನ್ನು ಚಿಹ್ನೆಗಳಲ್ಲಿ ಬರೆಯುವ ರೀತಿ) ಅಂಕಿ ಎಂದು ಹೇಳುವ \ಡಿ ಇಲ್ಲಿ "ಅರ್ಧ ಅಕ್ಷರದಷ್ಟು ಕೆಳಗೆ ಸರಿ" ಎಂಬ ಅಪ್ಪಣೆ. \ಎಸ್ ಅಕ್ಷರದ ಗಾತ್ರ ಬದಲಿಸುತ್ತದೆ. ಎಲ್ಲಕ್ಕಿಂತ ಮೋಸದ್ದು \. ಎಂಬುದು. ರೆಜೆಕ್ಸ್‌ನಲ್ಲಿ «ನಿಜವಾದ ಚುಕ್ಕೆ» ಎಂದು ಹೇಳಲು ಬರೆದದ್ದು ಪುಟದಲ್ಲಿ ಬರೀ ಚುಕ್ಕೆಯಾಗಿ ಕಾಣುತ್ತದೆ. ನೋಡಲು ಏನೂ ಕೆಟ್ಟಿಲ್ಲ, ಅರ್ಥ ಮಾತ್ರ ಬೇರೆ.

ಬಹಳ ಜನರಿಗೆ ಒಂದು ನಂಬಿಕೆ ಇದೆ: ಉದಾಹರಣೆಯನ್ನು .ಇಎಕ್ಸ್ ಮತ್ತು .ಇಇ ನಡುವೆ, ಅಥವಾ .ಎನ್‌ಎಫ್ ಮತ್ತು .ಎಫ್‌ಐ ನಡುವೆ ಇಟ್ಟರೆ ಒಳಗಿನದನ್ನು ರಾಫ್ ಮುಟ್ಟುವುದಿಲ್ಲ ಎಂದು. (ಮೊದಲ ಜೋಡಿಯನ್ನು ದೊಡ್ಡಕ್ಷರದಲ್ಲಿ, ಎರಡನೆಯದನ್ನು ಸಣ್ಣಕ್ಷರದಲ್ಲಿ ಬರೆಯಬೇಕು.) ಈ ನಂಬಿಕೆ ಸರಿಯಲ್ಲ. ಅವು ಸಾಲುಗಳು ಕಲಸಿಹೋಗದಂತೆ ಕಾಯುತ್ತವೆ, ಅಷ್ಟೇ. ಬ್ಯಾಕ್‌ಸ್ಲ್ಯಾಷ್, ಸಾಲಿನ ಮೊದಲ ಚುಕ್ಕೆ, ಗೆರೆ ಎಲ್ಲವೂ ಅಲ್ಲೂ ಮಾಮೂಲಿನ ಹಾಗೇ ಕೆಲಸ ಮಾಡುತ್ತವೆ. ಪ್ರೋಗ್ರಾಮಿನ ತುಣುಕನ್ನು ಅಂಟಿಸುವ ಮೊದಲು ಅದರ ಪ್ರತಿ ಬ್ಯಾಕ್‌ಸ್ಲ್ಯಾಷ್ ಅನ್ನೂ \(ಆರ್‌ಎಸ್ ಮಾಡಿಕೊಳ್ಳಲೇಬೇಕು. ಇಲ್ಲಿ ಎಡಿಟರ್‌ನ "ಎಲ್ಲವನ್ನೂ ಬದಲಿಸು" ಬಳಸಬಹುದು, ಆದರೆ ಆ ತುಣುಕಿನ ಒಳಗೆ ಮಾತ್ರ, ಮತ್ತು ಗೆರೆಗಳನ್ನು ಬದಲಿಸುವ ಮೊದಲೇ. ಕ್ರಮ ತಪ್ಪಿದರೆ ನೀವು ಹಾಕಿದ \- ಒಳಗಿನ ಬ್ಯಾಕ್‌ಸ್ಲ್ಯಾಷ್ ಕೂಡ ಬದಲಾಗಿಬಿಡುತ್ತದೆ.

## ಕೋಟ್ ಬದಲು ಓರೆಯಾದ ´ ಗೀಟು

ಶೆಲ್ ಅಭ್ಯಾಸದಿಂದ \' ಬರೆದಿದ್ದೀರಿ. ರಾಫ್‌ನಲ್ಲಿ ಅದು ಫ್ರೆಂಚ್ ಮುಂತಾದ ಭಾಷೆಗಳ ಅಕ್ಷರದ ಮೇಲೆ ಹಾಕುವ ಸ್ವರದ ಗೀಟು. ಬೈಟ್ ಸಿ2 ಬಿ4. ಆ ಎರಡು ಚಿಹ್ನೆಗಳನ್ನೂ ತೆಗೆದು \(ಎಕ್ಯೂ ಹಾಕಿ.

## ಜೋಡಿ ಕೋಟ್ ಕಾಣೆ

.ಬಿ (ದೊಡ್ಡ ಬಿ) ಥರದ ಮ್ಯಾಕ್ರೋ ಮುಂದೆ " ಬರೆದರೆ ಅದು ಪದಗಳನ್ನು ಕಟ್ಟುವ ಹಗ್ಗ ಆಗುತ್ತದೆ, ಅಚ್ಚಾಗುವುದಿಲ್ಲ. ಅಲ್ಲಿ ಕಾಣಬೇಕಾದರೆ \(ಡಿಕ್ಯೂ. ಮ್ಯಾಕ್ರೋ ಇಲ್ಲದ ಮಾಮೂಲಿ ಸಾಲಿನಲ್ಲಿ " ಹಾಗೇ ಬರೆಯಬಹುದು.

## ಒಂದು ಗೆರೆ ಹೆಚ್ಚು ಬಂದಿದೆ

ಫೈಲಿನ ಮೊದಲ ಸಾಲುಗಳಲ್ಲಿ .ಡಿಡಿ, .ಡಿಟಿ (ಮೊದಲ ಅಕ್ಷರ ಮಾತ್ರ ದೊಡ್ಡದು) ಇದ್ದರೆ ಅದು ಬಿಎಸ್‌ಡಿ (ಯುನಿಕ್ಸ್‌ನ ಇನ್ನೊಂದು ವಂಶ) ಕಡೆಯ ಎಂಡಾಕ್ ಎಂಬ ಪುಟ ಬರೆಯುವ ಶೈಲಿ. ಅಲ್ಲಿ .ಎಫ್‌ಎಲ್ (ಇಲ್ಲೂ ಮೊದಲ ಅಕ್ಷರ ದೊಡ್ಡದು) ಎಂಬುದು ತಾನೇ ಒಂದು ಗೆರೆ ಹಾಕುತ್ತದೆ. ನೀವೂ ಒಂದು ಹಾಕಿದರೆ ಎರಡಾಗುತ್ತದೆ. ಒಂಟಿ ಅಕ್ಷರದ ಆಪ್ಷನ್‌ಗೆ ಗೆರೆ ಬಿಟ್ಟುಬಿಡಿ, ಉದ್ದದ್ದಕ್ಕೆ ಒಂದೇ \- ಕೊಡಿ.

## ಬ್ಯಾಕ್‌ಸ್ಲ್ಯಾಷ್ ಪುಟದಲ್ಲೇ ಕಾಣುತ್ತಿದೆ, ಅಥವಾ ಎರಡು ಗೆರೆ ಸೇರಿ ಒಂದಾಗಿದೆ

ಓದುಗರಿಗೆ «\-\-ತೂಕ» ಎಂದು ಹಾಗೇ ಕಾಣುತ್ತಿದ್ದರೆ, ಒಂದೇ ಅಕ್ಷರವನ್ನು ಇಬ್ಬರು ಕಾಯ್ದಿದ್ದಾರೆ. ಈಗ ಎಷ್ಟೋ ಪುಟಗಳನ್ನು ಯಾರೂ ರಾಫ್‌ನಲ್ಲಿ ಕೈಯಲ್ಲಿ ಬರೆಯುವುದಿಲ್ಲ. ಪ್ಯಾನ್‌ಡಾಕ್, ಆಸ್ಕಿಡಾಕ್ಟರ್, ಪಾಡ್2ಮ್ಯಾನ್, ಹೆಲ್ಪ್2ಮ್ಯಾನ್ ಥರದ ಉಪಕರಣಗಳು ಹುಟ್ಟಿಸಿಕೊಡುತ್ತವೆ. ಬ್ಯಾಕ್‌ಸ್ಲ್ಯಾಷ್ ಹಾಕುವುದು ಅವುಗಳ ಕೆಲಸ. ನೀವು ಮಾರ್ಕ್‌ಡೌನ್‌ನಲ್ಲೇ (ಇಂಥ ಉಪಕರಣಕ್ಕೆ ಕೊಡುವ ಸರಳ ಬರಹದ ಬಗೆ) ರಾಫ್ ನೆನಪಿಸಿಕೊಂಡು ಬ್ಯಾಕ್‌ಸ್ಲ್ಯಾಷ್ ಹಾಕಿದರೆ ಅದು ಬೇಡದ ಸಹಾಯ.

ಮೊದಲು ಮೂಲ ಫೈಲ್ ತೆರೆದು ಆರಂಭದ ಸಾಲುಗಳನ್ನು ಓದಿ. ಯಂತ್ರದಿಂದ ಹುಟ್ಟಿದ್ದು, ತಿದ್ದಬೇಡಿ ಎಂದು ಬರೆದಿದ್ದರೆ ಅಲ್ಲಿಗೇ ನಿಲ್ಲಿಸಿ. ಹುಟ್ಟಿದ ಫೈಲನ್ನು ತಿದ್ದಿದರೆ ಮುಂದಿನ ಬಿಲ್ಡ್‌ನಲ್ಲಿ ತಪ್ಪು ವಾಪಸ್ ಬರುತ್ತದೆ. ತಿದ್ದಬೇಕಾದದ್ದು ಅದರ ಮೂಲವನ್ನು.

ಪ್ಯಾನ್‌ಡಾಕ್‌ನಲ್ಲಿ «--ತೂಕ» ಎಂಬುದು ಒಂದೇ ಉದ್ದ ಗೆರೆಯ «–ತೂಕ» ಆಗಿದ್ದರೆ ಅದು ಅದರ ಸ್ಮಾರ್ಟ್ ಎಂಬ ಸೌಲಭ್ಯದ ಕೆಲಸ. ಇನ್‌ಪುಟ್ ಯಾವ ಬಗೆ ಎಂದು ಹೇಳುವಾಗ «ಮಾರ್ಕ್‌ಡೌನ್-ಸ್ಮಾರ್ಟ್» ಎಂದು ಕೊಟ್ಟು ಅದನ್ನು ಆರಿಸಿ. ಇನ್ನೂ ಒಳ್ಳೆಯದು, ಕಮಾಂಡ್ ಮತ್ತು ಆಪ್ಷನ್‌ಗಳನ್ನೆಲ್ಲ ` ಗುರುತಿನ ನಡುವೆ ಕೋಡ್ ಎಂದು ಗುರುತಿಸಿ. ಆಗ ಉಪಕರಣಕ್ಕೆ ಇದು ಟೈಪ್ ಮಾಡುವ ಮಾತು ಎಂದು ಗೊತ್ತಾಗುತ್ತದೆ.

ಶೆಲ್ ಸ್ಕ್ರಿಪ್ಟ್‌ನಿಂದ ಪುಟ ಹುಟ್ಟಿಸುವವರಿಗೆ ಬೇರೆ ಗುಂಡಿ ಇದೆ. ದಪ್ಪಕ್ಷರ ಆಗಬೇಕಾದ ಪದ ಮಾಮೂಲಾಗಿದ್ದು, ಮುಂದೆ ಒಂದು «ಬಿ» ಅಂಟಿಕೊಂಡಿದ್ದರೆ ಇದೇ ಕಾರಣ. ದಪ್ಪಕ್ಷರಕ್ಕೆ ರಾಫ್‌ನಲ್ಲಿ \ಎಫ್ ಮತ್ತು ದೊಡ್ಡ ಬಿ ಬರೆಯುತ್ತಾರೆ. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳ /ಬಿನ್/ಎಸ್‌ಎಚ್ ಎಂದರೆ ಡ್ಯಾಶ್ ಎಂಬ ಹೆಸರಿನ ಶೆಲ್. ಅದರ ಎಕೋ \ಎಫ್ ಅನ್ನು ನುಂಗಿ ಫಾರ್ಮ್‌ಫೀಡ್ (ಹೊಸ ಪುಟ ಎಂದು ಹೇಳುವ, ಕಣ್ಣಿಗೆ ಕಾಣದ ಗುರುತು) ಮಾಡುತ್ತದೆ, ಬಿ ಉಳಿಯುತ್ತದೆ. ಪೈಥಾನ್‌ನ ಮಾಮೂಲಿ ಸ್ಟ್ರಿಂಗ್‌ನಲ್ಲೂ ಹೀಗೇ. ಶೆಲ್‌ನಲ್ಲಿ ಎಕೋ ಬಿಟ್ಟು, ಕೊನೆಯ ಗುರುತಿಗೆ ಕೋಟ್ ಹಾಕಿದ ಹಿಯರ್‌ಡಾಕ್ (ಸ್ಕ್ರಿಪ್ಟ್ ಒಳಗಿನ ಬರಹವನ್ನೇ ಕಮಾಂಡ್‌ಗೆ ಕೊಡುವ ರೀತಿ) ಬಳಸಿ: ಕ್ಯಾಟ್ <<'ಇಒಎಫ್'. ಪೈಥಾನ್‌ನಲ್ಲಿ ಕೋಟ್ ಮುಂದೆ ಆರ್ ಹಾಕಿ. ಆಗ ಬ್ಯಾಕ್‌ಸ್ಲ್ಯಾಷ್ ಅನ್ನು ರಾಫ್ ಬಿಟ್ಟು ಬೇರೆ ಯಾರೂ ಮುಟ್ಟುವುದಿಲ್ಲ.

ದೊಡ್ಡ ಪುಟವಾದರೆ ರಾಫ್ ಬಿಟ್ಟು ಸರಳ ಬರಹಕ್ಕೆ ಹೋಗುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಕರ್ಲ್ (ನೆಟ್‌ನಿಂದ ಫೈಲ್ ತರುವ ಕಮಾಂಡ್) ಯೋಜನೆಯವರು 2024ರಲ್ಲಿ ತಮ್ಮ ಮ್ಯಾನ್ ಪೇಜ್‌ಗಳ ಮೂಲವನ್ನು ಮಾರ್ಕ್‌ಡೌನ್ ಥರದ ಬರಹಕ್ಕೆ ಬದಲಿಸಿಕೊಂಡರು. ಬರೆಯುವವರು ವಿಷಯದ ಮೇಲೆ ಗಮನ ಇಡುತ್ತಾರೆ, ಬ್ಯಾಕ್‌ಸ್ಲ್ಯಾಷ್ ಒಂದೇ ಕಡೆ, ಪರಿವರ್ತಿಸುವ ಪ್ರೋಗ್ರಾಮಿನಲ್ಲಿ, ಸರಿಯಾಗಿ ಬೀಳುತ್ತದೆ. ಎರಡೇ ಪುಟದ ಕೈಪಿಡಿಗೆ ಮಾತ್ರ ಇಷ್ಟೆಲ್ಲ ಬೇಡ, ಮೇಲಿನ ಚೀಟಿ ಸಾಕು.

## ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು

ಪುಟವನ್ನು ಕನ್ನಡದಲ್ಲೇ ಬರೆಯುವ ಉತ್ಸಾಹಿಗಳು ನಮ್ಮಲ್ಲಿದ್ದಾರೆ, ಅದು ಸಂತೋಷ. ಜಿ-ರಾಫ್ ಅನ್ನು ನೇರವಾಗಿ ಓಡಿಸಿದಾಗ ಕನ್ನಡ ಕಲಸಿಹೋದರೆ -ಕೆ ಸೇರಿಸಿ. ಆಗ ಅದು ಮೊದಲು ಎನ್‌ಕೋಡಿಂಗ್ ಪರಿವರ್ತನೆ ಮಾಡಿಕೊಳ್ಳುತ್ತದೆ. ಪ್ರತಿ ಕನ್ನಡ ಅಕ್ಷರದ ಚೂರು ಯುಟಿಎಫ್-8ರಲ್ಲಿ ಮೂರು ಬೈಟ್. ಪರಿವರ್ತನೆ ಇಲ್ಲದಿದ್ದರೆ ಮೂರನ್ನೂ ಬೇರೆ ಬೇರೆ ಅಕ್ಷರ ಎಂದು ಓದುತ್ತದೆ. «ಮ್ಯಾನ್ -ಎಲ್» ಎಂದರೆ ಈ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ. ಅದರಲ್ಲೂ ಕೆಟ್ಟರೆ «ಲೊಕೇಲ್» ಕಮಾಂಡ್ ಕೊಟ್ಟು ಉತ್ತರದಲ್ಲಿ ಯುಟಿಎಫ್-8 ಇದೆಯೇ ನೋಡಿ. ಇದಕ್ಕೂ ಬ್ಯಾಕ್‌ಸ್ಲ್ಯಾಷ್‌ಗೂ ಸಂಬಂಧ ಇಲ್ಲ, ಫೈಲ್ ತಿದ್ದಲು ಹೋಗಬೇಡಿ.

## ನನ್ನಲ್ಲಿ ಸರಿ, ಬೇರೆಯವರಲ್ಲಿ ತಪ್ಪು

ಬರೆದವರು ಬೀದರಿನಲ್ಲಿ, ಓದುವವರು ಯಾದಗಿರಿಯಲ್ಲಿ, ಎರಡು ಕಂಪ್ಯೂಟರಿನಲ್ಲಿ ಎರಡು ಥರ. ಮೊದಲು «ಜಿ-ರಾಫ್ --ವರ್ಷನ್» ಎರಡು ಕಡೆಯೂ ನೋಡಿ. ಉಬುಂಟು 22.04ರಲ್ಲಿ 1.22.4 ಇರುತ್ತದೆ, 24.04ರಲ್ಲಿ 1.23.0. ಆದರೆ ಆವೃತ್ತಿ ನೋಡಿದರೆ ಸಾಲದು. ಡೆಬಿಯನ್‌ನವರು ಹಳೆಯ ಪುಟಗಳು ಓದುಗರಿಗೆ ತೊಂದರೆ ಕೊಡದಿರಲಿ ಎಂದು, ಹೊಸ ಜಿ-ರಾಫ್‌ನಲ್ಲೂ ಗೆರೆ ಮೊದಲಿನ ಹಾಗೇ ಕಾಣುವಂತೆ ಮಾಡಿದ್ದಾರೆ. ಉಬುಂಟುವಿಗೂ ಅದೇ ಬರುತ್ತದೆ. ಓದುಗರಿಗೆ ಇದು ಉಪಕಾರ. ಬರೆಯುವವರಿಗೆ ಮಾತ್ರ ತಪ್ಪು ಕಾಣುವುದೇ ಇಲ್ಲ.

ಕಾಣುವಂತೆ ಮಾಡುವ ಉಪಾಯ ಇದು. ಪುಟವನ್ನು ಅಚ್ಚಿನ ರೂಪಕ್ಕೆ ತನ್ನಿ:

ಮ್ಯಾನ್ -ಟಿ -ಎಲ್ ತೊಗರಿ.1 > ತೊಗರಿ.ಪಿಎಸ್

ಹುಟ್ಟಿದ ಪೋಸ್ಟ್‌ಸ್ಕ್ರಿಪ್ಟ್ ಫೈಲನ್ನು ದೊಡ್ಡದು ಮಾಡಿ ನೋಡಿ. \- ಹಾಕಿದ ಕಡೆ ಗೆರೆ ಉದ್ದ, ಮರೆತ ಕಡೆ ಗಿಡ್ಡ. ಆಪ್ಷನ್ ಮುಂದೆ ಗಿಡ್ಡ ಗೆರೆ ಕಂಡಿತೋ, ಅಲ್ಲಿ ತಿದ್ದಬೇಕು. ಮ್ಯಾನ್‌ಡಾಕ್ (ಮ್ಯಾನ್ ಪೇಜ್ ತೋರಿಸುವ ಇನ್ನೊಂದು ಪ್ರೋಗ್ರಾಮ್) ಹಾಕಿಕೊಂಡಿದ್ದರೆ ದೊಡ್ಡ ಟಿ ಆಪ್ಷನ್‌ಗೆ ಲಿಂಟ್ ಎಂದು ಕೊಟ್ಟು ಇನ್ನೊಂದು ಸುತ್ತು ಪರೀಕ್ಷಿಸಿ. ಜಿ-ರಾಫ್ ಸುಮ್ಮನೆ ಬಿಡುವ ಕೆಲವನ್ನು ಅದು ಹೇಳುತ್ತದೆ.

## ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಪುಟ ನಿಮ್ಮದಲ್ಲದಿದ್ದರೆ ದೋಷ ಗುರುತಿಸಿದ ಕೂಡಲೇ ನಿಮ್ಮ ಕೆಲಸ ಮುಗಿಯಿತು. ಮುಂದಿನದು ಆ ತಂತ್ರಾಂಶದವರದ್ದು. ಫೈಲಿನ ಒಳಗೆ .ಡಿಇ, .ಟಿಆರ್ ಥರದ ಸಾಲುಗಳು ರಾಶಿ ಬಿದ್ದಿದ್ದರೂ ನಿಲ್ಲಿಸಿ. ಯಾರೋ ತಮ್ಮದೇ ಮ್ಯಾಕ್ರೋ ಕಟ್ಟಿಕೊಂಡಿದ್ದಾರೆ, ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಫೈಲ್ ಯಾವ ಪ್ಯಾಕೇಜಿನದು ಎಂದು ತಿಳಿಯಲು ಡಿಪಿಕೆಜಿಗೆ ದೊಡ್ಡ ಎಸ್ ಆಪ್ಷನ್ ಜೊತೆ ಫೈಲಿನ ದಾರಿ ಕೊಡಿ.

ದೂರು ಬರೆಯುವಾಗ «ಪುಟ ಸರಿಯಿಲ್ಲ» ಎಂದು ಬರೆದರೆ ಯಾರೂ ತಿದ್ದುವುದಿಲ್ಲ. ಮೂಲ ಫೈಲಿನ ಸಾಲಿನ ಸಂಖ್ಯೆ, ಅಲ್ಲಿ ಈಗ ಇರುವುದು, ಇರಬೇಕಾದದ್ದು, «ಓಡಿ» ಕಮಾಂಡ್ ತೋರಿಸಿದ ಬೈಟ್‌ಗಳು, ಮ್ಯಾನ್ ಮತ್ತು ಜಿ-ರಾಫ್‌ಗಳ ಆವೃತ್ತಿ: ಇಷ್ಟು ಕೊಡಿ. ಪುಟ ಯಂತ್ರದಿಂದ ಹುಟ್ಟಿದ್ದಾದರೆ ಆ ಉಪಕರಣದ ಹೆಸರನ್ನೂ ಸೇರಿಸಿ. ಟರ್ಮಿನಲ್‌ನ ಫೋಟೋ ತೆಗೆದು ಕಳಿಸಬೇಡಿ. ಫೋಟೋದಲ್ಲಿ ಮೂರೂ ಗೆರೆಗಳು ಒಂದೇ ಥರ ಕಾಣುತ್ತವೆ. ಕಮಾಂಡ್‌ನ ಉತ್ತರವನ್ನು ಅಕ್ಷರವಾಗಿಯೇ ಅಂಟಿಸಿ.